ಅನ್ನವೋ, ವಂಶವೋ? ಹಂದಿಗೋಡು ಕಾಯಿಲೆಯಿಂದ ಮಣಿಪಾಲದ ತಳಿವಿಜ್ಞಾನದವರೆಗೆ

ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಕೆಲವೇ ಮನೆಗಳ ಜನರಿಗೆ ಸೊಂಟ ಮತ್ತು ಮಂಡಿಗಳಲ್ಲಿ ನೋವು. ಮೊದಲು ಕುಂಟುತ್ತಾರೆ, ಆಮೇಲೆ ಕೋಲು ಹಿಡಿಯುತ್ತಾರೆ, ಕೊನೆಗೆ ನೆಲದ ಮೇಲೆ ತೆವಳುತ್ತಾರೆ. ಪಕ್ಕದ ಕೇರಿಯವರಿಗೆ ಏನೂ ಆಗಿಲ್ಲ. ನೀವು ವೈದ್ಯರಾಗಿದ್ದರೆ ಮೊದಲು ಯಾವುದನ್ನು ಸಂಶಯಿಸುವಿರಿ? ಬಾವಿಯ ನೀರನ್ನೇ? ತಿನ್ನುವ ಆಹಾರವನ್ನೇ? ಗದ್ದೆಗೆ ಹೊಡೆದ ಔಷಧವನ್ನೇ? ಯಾವುದೋ ಸೋಂಕನ್ನೇ? ಅಥವಾ ಆ ಮನೆಗಳವರೆಲ್ಲ ಒಬ್ಬರಿಗೊಬ್ಬರು ನೆಂಟರು ಎಂಬುದನ್ನೇ?

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ನಮ್ಮ ರಾಜ್ಯದ ಮಲೆನಾಡಿನಲ್ಲಿ ಇಂಥ ಪ್ರಶ್ನೆ ನಿಜವಾಗಿಯೂ ಎದುರಾಯಿತು. ಅದಕ್ಕೆ ಉತ್ತರ ಹುಡುಕಿದ ಬಗೆಯನ್ನು ತಿಳಿದರೆ ವೈದ್ಯಕೀಯ ತಳಿವಿಜ್ಞಾನಿ ಎಂಬ ಅಪರೂಪದ ವೃತ್ತಿಯವರು ಏನು ಮಾಡುತ್ತಾರೆ, ಹೇಗೆ ಯೋಚಿಸುತ್ತಾರೆ ಎಂಬುದು ಅರ್ಥವಾಗುತ್ತದೆ.

ಊರಿನ ಹೆಸರೇ ರೋಗದ ಹೆಸರು

ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ವಿಚಿತ್ರವಾದ ಕೀಲುರೋಗವೊಂದು ವೈದ್ಯರ ಗಮನಕ್ಕೆ ಬಂದಿತು. ಬಳಿಕ ಹುಡುಕಿದಾಗ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಹಲವು ಹಳ್ಳಿಗಳಲ್ಲಿ ಅದೇ ರೋಗ ಕಂಡುಬಂದಿತು. ಮೊದಲು ಕಂಡ ಊರಿನ ಹೆಸರೇ ರೋಗಕ್ಕೂ ಅಂಟಿಕೊಂಡು 'ಹಂದಿಗೋಡು ಕಾಯಿಲೆ' ಎಂದು ಪ್ರಸಿದ್ಧವಾಯಿತು.

ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದುದು ನಿಮಗೆ ನೆನಪಿರಬಹುದು. ಅದು ಉಣ್ಣೆಗಳ ಮೂಲಕ ಹರಡುವ ವೈರಸ್ ರೋಗ. ಹೀಗಾಗಿ ಹೊಸದೊಂದು ಕಾಯಿಲೆ ಕಂಡಾಗ ಮಲೆನಾಡಿನ ಜನ ಮತ್ತೊಂದು ಪಿಡುಗು ಬಂತೆಂದು ಹೆದರಿದ್ದರೆ ಆಶ್ಚರ್ಯವಿಲ್ಲ. ಆದರೆ ಹಂದಿಗೋಡು ಕಾಯಿಲೆಯಲ್ಲಿ ಜ್ವರವಿಲ್ಲ, ರಕ್ತಸ್ರಾವವಿಲ್ಲ. ಸೊಂಟದ ಕೀಲು ನಿಧಾನವಾಗಿ ಸವೆಯುತ್ತದೆ. ಕೆಲವರಲ್ಲಿ ಮಂಡಿ ಮತ್ತು ಬೆನ್ನುಮೂಳೆಗಳಿಗೂ ತೊಂದರೆಯಾಗುತ್ತದೆ. ಇನ್ನು ಕೆಲವರು ಬಾಲ್ಯದಿಂದಲೇ ಎತ್ತರ ಬೆಳೆಯದೆ ಕುಬ್ಜರಾಗಿ ಉಳಿಯುತ್ತಾರೆ.

ರೋಗಕ್ಕೆ ತುತ್ತಾದವರು ಪರಿಶಿಷ್ಟ ಜಾತಿಗೆ ಸೇರಿದ ಎರಡು ಚಿಕ್ಕ ಸಮುದಾಯಗಳ ಬಡ ಕೃಷಿ ಕೂಲಿಕಾರರು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಹೊಟ್ಟೆ ಹೊರೆಯಬೇಕಾದವರಿಗೆ ಸೊಂಟವೇ ಹೋದರೆ ಕೂಲಿಯೂ ಹೋದಂತೆ. ಆದ್ದರಿಂದ ಕಾರಣ ಯಾವುದೆಂಬ ಪ್ರಶ್ನೆ ಅವರಿಗೆ ಪ್ರಯೋಗಾಲಯದ ಕುತೂಹಲವಾಗಿರಲಿಲ್ಲ.

ಸಂಶಯಕ್ಕೆ ಗುರಿಯಾದ ಏಡಿ

ಮೊದಲ ಹಂತದ ಅಧ್ಯಯನ ಮಾಡಿದವರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ವಿಜ್ಞಾನಿಗಳು ಪ್ರಮುಖರು. ರೋಗ ಕುಟುಂಬಗಳಲ್ಲಿ ಗುಂಪುಗೂಡಿರುವುದು ಅವರ ಗಮನಕ್ಕೆ ಬಂದಿತ್ತು. ಜೊತೆಗೆ ಬೇರೆ ಬೇರೆ ಸಂಶಯಗಳೂ ಎದ್ದವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆಯೇ? ಆಹಾರದಲ್ಲಿ ಯಾವುದಾದರೂ ಕೊರತೆಯೇ? ಇವೆಲ್ಲಕ್ಕಿಂತ ಹೆಚ್ಚು ಪ್ರಚಾರ ಪಡೆದದ್ದು ಏಡಿಯ ಕಥೆ. ಭತ್ತದ ಗದ್ದೆಗಳಿಗೆ ಕೀಟನಾಶಕಗಳನ್ನು ಸಿಂಪಡಿಸುವ ಪದ್ಧತಿ ಆ ಕಾಲದಲ್ಲಿ ಹಬ್ಬುತ್ತಿತ್ತು. ಬಡವರು ಅದೇ ಗದ್ದೆಗಳ ಏಡಿಗಳನ್ನು ಹಿಡಿದು ತಿನ್ನುತ್ತಿದ್ದರು. ಆದ್ದರಿಂದ ವಿಷ ಏಡಿಯ ಮೂಲಕ ಮೈ ಸೇರಿ ಕೀಲುಗಳನ್ನು ಕೆಡಿಸುತ್ತಿದೆ ಎಂಬ ವಾದ ಹುಟ್ಟಿತು.

ಈ ವಾದ ಮೇಲ್ನೋಟಕ್ಕೆ ಒಪ್ಪುವಂತಿದೆ. ಕೀಟನಾಶಕಗಳು ಅಪಾಯಕಾರಿ ಎಂಬುದೂ ನಿಜ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಏಡಿ ತಿನ್ನುವವರು ಮತ್ತು ರೋಗ ಬಂದವರು ಒಂದೇ ಸಮುದಾಯದವರು ಎಂದ ಮಾತ್ರಕ್ಕೆ ಏಡಿಯೇ ಕಾರಣವಾಗುತ್ತದೆಯೇ? ಒಂದೇ ಸಮುದಾಯದವರು ಆಹಾರವನ್ನು ಹಂಚಿಕೊಳ್ಳುವಂತೆಯೇ ಪೂರ್ವಜರನ್ನೂ ಹಂಚಿಕೊಂಡಿರುತ್ತಾರೆ. ಒಳಗೊಳಗೇ ಮದುವೆಯಾಗುವ ಚಿಕ್ಕ ಸಮುದಾಯದಲ್ಲಂತೂ ಒಂದೇ ಬಗೆಯ ಅಡುಗೆ, ಒಂದೇ ಬಗೆಯ ದುಡಿಮೆ, ಒಂದೇ ಮೂಲದ ಜೀನುಗಳು ಹೆಣೆದುಕೊಂಡು ಬರುತ್ತವೆ. ಅನ್ನದ ಕಾರಣವನ್ನೂ ವಂಶದ ಕಾರಣವನ್ನೂ ಬಿಡಿಸಿ ನೋಡದ ಹೊರತು ತೀರ್ಪು ಕೊಡುವಂತಿಲ್ಲ.

ತಪ್ಪು ತೀರ್ಪಿನ ಬೆಲೆಯೂ ಸಣ್ಣದಲ್ಲ. ಕಾಸು ಕೊಡದೆ ಸಿಗುವ ಪ್ರೋಟೀನ್ ಅದೊಂದೇ ಆಗಿರುವ ಮನೆಯಲ್ಲಿ ಏಡಿ ತಿನ್ನಬೇಡಿ ಎಂದರೆ ತಟ್ಟೆಯಿಂದ ತುತ್ತನ್ನು ಕಸಿದುಕೊಂಡಂತೆ. ರೋಗದ ಮೂಲ ಬೇರೆಲ್ಲೋ ಇದ್ದರೆ ತುತ್ತೂ ಹೋಯಿತು, ರೋಗವೂ ಉಳಿಯಿತು.

ಬಿಡಿಸಿ ನೋಡುವ ಬಗೆ

ಬಿಡಿಸುವುದು ಹೇಗೆ? ಮೂರು ಪ್ರಶ್ನೆಗಳನ್ನು ಕೇಳಬೇಕು. ಒಂದು, ಅದೇ ಊರಿನಲ್ಲಿ ಅದೇ ನೀರು ಕುಡಿದು ಅದೇ ಗದ್ದೆಯ ಅಕ್ಕಿ ಉಣ್ಣುವ, ಆದರೆ ಬೇರೆ ವಂಶದವರಿಗೆ ರೋಗ ಬಂದಿದೆಯೇ? ಎರಡು, ಅದೇ ವಂಶದವರು ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದರೆ ಅಲ್ಲಿಯೂ ರೋಗ ಕಾಣುತ್ತದೆಯೇ? ಮೂರು, ರೋಗಿಗಳ ವಂಶಾವಳಿಯನ್ನು ಬರೆದರೆ ರೋಗ ಮನಬಂದಂತೆ ಚದುರಿದೆಯೇ ಅಥವಾ ಮೆಂಡೆಲ್ ನಿಯಮಕ್ಕೆ ಹೊಂದುವ ವಿನ್ಯಾಸದಲ್ಲಿದೆಯೇ?

ಹಂದಿಗೋಡು ಕಾಯಿಲೆಯ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸಿದವರಲ್ಲಿ ಡಾ. ಶ್ಯಾಮ್ ಸ್ವರೂಪ್ ಅಗರ್‌ವಾಲ್ ಮುಖ್ಯರು. 1941ರಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಜನಿಸಿದ ಅವರು ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದರು. ನಮ್ಮ ದೇಶದಲ್ಲಿ ಈ ವಿಷಯದ ಡಿ.ಎಂ. ಶಿಕ್ಷಣ ಮೊದಲು ಆರಂಭವಾದದ್ದು ಅಲ್ಲಿಯೇ. 1986ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. 2013ರಲ್ಲಿ ಅವರು ತೀರಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯತ್ನದ ಭಾಗವಾಗಿ ಅವರು, ಅವರ ಸಹೋದ್ಯೋಗಿ ಡಾ. ಶುಭಾ ಫಡ್ಕೆ ಮತ್ತು ಇತರ ತಜ್ಞರು ಮಲೆನಾಡಿನ ಈ ಕುಟುಂಬಗಳ ಅಧ್ಯಯನದಲ್ಲಿ ತೊಡಗಿದರು.

ವೈದ್ಯಕೀಯ ತಳಿವಿಜ್ಞಾನಿಯ ಮೊದಲ ಉಪಕರಣ ಸೂಕ್ಷ್ಮದರ್ಶಕವಲ್ಲ. ಕಾಗದ ಮತ್ತು ಪೆನ್ಸಿಲ್. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗ ಇದ್ದವರಿಗೆ ಕಪ್ಪು ತುಂಬುವುದು, ತೀರಿಕೊಂಡವರಿಗೆ ಓರೆಗೆರೆ ಎಳೆಯುವುದು. ಗಂಡ-ಹೆಂಡತಿಯನ್ನು ಅಡ್ಡಗೆರೆ ಸೇರಿಸುತ್ತದೆ. ಇಬ್ಬರೂ ರಕ್ತಸಂಬಂಧಿಗಳಾಗಿದ್ದರೆ ಜೋಡಿ ಗೆರೆ. ಹೀಗೆ ಮೂರು ನಾಲ್ಕು ತಲೆಮಾರುಗಳನ್ನು ಬರೆದಾಗ ರೋಗ ತನ್ನ ದಾರಿಯನ್ನು ತಾನೇ ತೋರಿಸತೊಡಗುತ್ತದೆ.

ನಕ್ಷೆಯನ್ನು ಓದುವ ನಿಯಮಗಳು ಸರಳ. ರೋಗ ಪ್ರತಿ ತಲೆಮಾರಿನಲ್ಲೂ ಕಾಣುತ್ತಿದ್ದು, ರೋಗಿಯ ತಂದೆ ಅಥವಾ ತಾಯಿಯೂ ರೋಗಿಯಾಗಿದ್ದು, ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರೋಗ ಬಂದಿದ್ದರೆ ಅದು ಪ್ರಬಲ ಗುಣ. ಗಂಡು ಹೆಣ್ಣುಗಳಿಗೆ ಸಮನಾಗಿ ಬಂದಿದ್ದು ತಂದೆಯಿಂದ ಮಗನಿಗೂ ಸಾಗಿದ್ದರೆ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಲ್ಲ. ಏಕೆಂದರೆ ತಂದೆ ಮಗನಿಗೆ ಕೊಡುವುದು ವೈ ವರ್ಣತಂತುವನ್ನು. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದು ಅಣ್ಣತಮ್ಮ-ಅಕ್ಕತಂಗಿಯರಲ್ಲಿ ಮಾತ್ರ ರೋಗ ಕಂಡರೆ ಅದು ಅಪ್ರಬಲ ಗುಣವಿರಬಹುದು.

ಹಂದಿಗೋಡು ಕುಟುಂಬಗಳ ಅಧ್ಯಯನ ತೋರಿದ್ದು ಮೊದಲ ವಿನ್ಯಾಸವನ್ನು. ಇದು ದೇಹವರ್ಣತಂತುವಿನ ಪ್ರಬಲ ಗುಣವಾಗಿ ಬರುವ ಆನುವಂಶಿಕ ರೋಗ ಎಂದು ಅಗರ್‌ವಾಲ್ ಮತ್ತು ಸಂಗಡಿಗರು ತೀರ್ಮಾನಿಸಿದರು.

ಕ್ಷ-ಕಿರಣ ಚಿತ್ರದ ಸಾಕ್ಷಿ

ವಂಶಾವಳಿಯ ಜೊತೆಗೆ ಎರಡನೆಯ ಸಾಕ್ಷಿಯೂ ಬೇಕು. ಅದು ಕ್ಷ-ಕಿರಣ ಚಿತ್ರ. ಉದ್ದ ಮೂಳೆಗಳು ಬೆಳೆಯುವುದು ತುದಿಗಳಲ್ಲಿರುವ ಮೃದ್ವಸ್ಥಿಯ ಪದರಗಳಿಂದ. ಈ ಭಾಗ ಸರಿಯಾಗಿ ರೂಪುಗೊಳ್ಳದಿದ್ದರೆ ಮೂಳೆಯ ತಲೆ ದುಂಡಗಾಗದೆ ಚಪ್ಪಟೆಯಾಗುತ್ತದೆ. ಗುಂಡಿಯಲ್ಲಿ ಸರಾಗವಾಗಿ ತಿರುಗಬೇಕಾದ ತೊಡೆಮೂಳೆಯ ತಲೆ ಉಜ್ಜಿ ಉಜ್ಜಿ ಸವೆಯುತ್ತದೆ. ಚಕ್ಕಡಿಯ ಗಾಲಿ ಅಚ್ಚಿಗೆ ಹೊಂದದಿದ್ದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಕೀಲು ಸವೆಯುವುದು ಪರಿಣಾಮ; ಮೂಳೆ ಬೆಳೆಯುವಾಗಲೇ ಆದ ದೋಷ ಕಾರಣ.

1994ರಲ್ಲಿ 'ಸ್ಕೆಲೆಟಲ್ ರೇಡಿಯಾಲಜಿ' ಎಂಬ ನಿಯತಕಾಲಿಕೆಯಲ್ಲಿ ಈ ತಂಡ ಪ್ರಕಟಿಸಿದ ಲೇಖನ, ಹಂದಿಗೋಡು ಕಾಯಿಲೆಯನ್ನು ಬೆನ್ನುಮೂಳೆ ಮತ್ತು ಉದ್ದ ಮೂಳೆಗಳ ತುದಿಗಳು ಸರಿಯಾಗಿ ಬೆಳೆಯದ ಒಂದು ಹೊಸ ಬಗೆಯ ಅಸ್ಥಿ ವಿಕಾಸದೋಷ ಎಂದು ವಿವರಿಸಿತು. ತೀವ್ರತೆಗೆ ತಕ್ಕಂತೆ ಮೂರು ರೂಪಗಳನ್ನು ಗುರುತಿಸಲಾಯಿತು. ಒಂದರಲ್ಲಿ ಮುಖ್ಯವಾಗಿ ಸೊಂಟದ ಕೀಲಿಗೆ ತೊಂದರೆ, ಇನ್ನೊಂದರಲ್ಲಿ ಬೆನ್ನುಮೂಳೆಯೂ ಸೇರಿಕೊಳ್ಳುತ್ತದೆ, ಮೂರನೆಯದರಲ್ಲಿ ಕುಬ್ಜತೆ.

ಜಗತ್ತಿನ ಇನ್ನೊಂದು ಮೂಲೆಯಲ್ಲೂ ಇಂಥದೇ ಕಥೆ ನಡೆದಿತ್ತು. ದಕ್ಷಿಣ ಆಫ್ರಿಕಾದ ಜುಲು ಜನರ ನಾಡಿನ ಮ್ಸೆಲೆನಿ ಪ್ರದೇಶದಲ್ಲಿ ಕೂಡ ಸೊಂಟ ಸವೆಯುವ, ಕೆಲವರನ್ನು ಕುಬ್ಜರಾಗಿಸುವ ಕೀಲುರೋಗವಿದೆ. ಇವೆರಡೂ ಒಂದೇ ರೋಗವೇ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಲಕ್ನೋದ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 1997ರಲ್ಲಿ ಜಂಟಿಯಾಗಿ ಒಂದು ಲೇಖನ ಬರೆದರು. ಸಾಗರದ ಬಳಿಯ ಒಂದು ಹಳ್ಳಿಯ ಹೆಸರು ಹೀಗೆ ವಿಶ್ವದ ವೈದ್ಯಕೀಯ ಸಾಹಿತ್ಯದಲ್ಲಿ ಸೇರಿತು.

ವಂಶದ ರೋಗವೆಂದರೆ 1970ರ ದಶಕದಲ್ಲಿ ಒಮ್ಮೆಗೇ ಕಾಣಿಸಿಕೊಂಡದ್ದು ಏಕೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ರೋಗ ಹುಟ್ಟಿದ ಕಾಲ ಬೇರೆ, ವೈದ್ಯರ ಕಣ್ಣಿಗೆ ಬಿದ್ದ ಕಾಲ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಊರ ಹೊರಗಿನ ಕೇರಿಯ ಬಡವರು ಕುಂಟಿದರೆ ಅದನ್ನು ದಾಖಲಿಸುವವರು ಯಾರು?

ದಾಖಲಾದ ಮೇಲೂ ಪರಿಹಾರ ಸುಲಭವಾಗಿ ಬರಲಿಲ್ಲ. ಈ ಜನರ ಅಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೂ ಹೋಯಿತು.

ಲಕ್ನೋದಿಂದ ಮಣಿಪಾಲಕ್ಕೆ

ಒಬ್ಬ ವಿಜ್ಞಾನಿಯ ಸಾಧನೆಯನ್ನು ಅವರ ಲೇಖನಗಳಿಂದ ಅಳೆಯುವಂತೆ ಅವರು ಕಟ್ಟಿದ ಪರಂಪರೆಯಿಂದಲೂ ಅಳೆಯಬೇಕು. ಲಕ್ನೋದ ಆ ವಿಭಾಗದಲ್ಲಿ ಡಿ.ಎಂ. ತರಬೇತಿ ಪಡೆದ ವೈದ್ಯರು ದೇಶದ ನಾನಾ ಕಡೆ ಹೋಗಿ ವಿಭಾಗಗಳನ್ನು ಬೆಳೆಸಿದರು. ಅವರಲ್ಲಿ ಡಾ. ಗಿರೀಶ ಕೆ.ಎಂ. ಒಬ್ಬರು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಅವರು, ಡಾ. ಅಂಜು ಶುಕ್ಲಾ ಮತ್ತು ಸಂಗಡಿಗರು ನಡೆಸಿದ ಕೆಲಸ ಕರ್ನಾಟಕವನ್ನು ವಿರಳ ಅಸ್ಥಿರೋಗಗಳ ಸಂಶೋಧನೆಯ ಭೂಪಟದಲ್ಲಿ ಇರಿಸಿತು.

ಅವರ ಅಧ್ಯಯನದ ಒಂದು ರೋಗವನ್ನು ಮಾತ್ರ ಇಲ್ಲಿ ನೋಡೋಣ. ಅದರ ಹೆಸರು ಉದ್ದವಾದದ್ದು: ಪ್ರೋಗ್ರೆಸಿವ್ ಸ್ಯೂಡೋರುಮಟಾಯ್ಡ್ ಡಿಸ್‌ಪ್ಲೇಸಿಯ. ಸರಳವಾಗಿ ಹೇಳಿದರೆ 'ಸಂಧಿವಾತದಂತೆ ಕಂಡರೂ ಸಂಧಿವಾತವಲ್ಲದ' ರೋಗ. ಮಗು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಸುಮಾರು ಮೂರರಿಂದ ಆರು ವರ್ಷದೊಳಗೆ ಬೆರಳ ಗೆಣ್ಣುಗಳು ದಪ್ಪಗಾಗತೊಡಗುತ್ತವೆ. ನಡಿಗೆ ಬದಲಾಗುತ್ತದೆ. ಕೀಲುಗಳು ಒಂದೊಂದಾಗಿ ಬಿಗಿಯಾಗುತ್ತವೆ. ನೋಡಿದವರಿಗೆ ಮಕ್ಕಳ ಸಂಧಿವಾತ ಎನಿಸುವುದು ಸಹಜ. ಉರಿಯೂತವನ್ನು ತಗ್ಗಿಸುವ ಔಷಧಗಳನ್ನು, ಕೆಲವೊಮ್ಮೆ ಸ್ಟೀರಾಯ್ಡ್‌ಗಳನ್ನೂ ವರ್ಷಗಟ್ಟಲೆ ಕೊಡಲಾಗುತ್ತದೆ. ಆದರೆ ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತೇ ಇರುವುದಿಲ್ಲ! ಏಕೆಂದರೆ ಇಲ್ಲಿ ಕೆಟ್ಟಿರುವುದು ಮೃದ್ವಸ್ಥಿಯ ಪಾಲನೆಗೆ ಬೇಕಾದ ಒಂದು ಪ್ರೋಟೀನ್. ಇಲ್ಲದ ಬೆಂಕಿಗೆ ನೀರು ಸುರಿದಂತೆ ಔಷಧ ವ್ಯರ್ಥವಾಗುತ್ತದೆ. ಅದರ ಅಡ್ಡಪರಿಣಾಮಗಳು ಮಾತ್ರ ಮಗುವಿಗೆ ಉಳಿಯುತ್ತವೆ.

ಈ ರೋಗಕ್ಕೆ ಕಾರಣವಾದ ಜೀನನ್ನು 1999ರಲ್ಲಿ ಗುರುತಿಸಲಾಯಿತು. ಅದನ್ನು ಆಗ ಡಬ್ಲ್ಯುಐಎಸ್‌ಪಿ3 ಎಂದು ಕರೆದರು. ಈಗ ಸಿಸಿಎನ್6 ಎನ್ನುತ್ತಾರೆ. ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದ ವಿಜ್ಞಾನಿಗಳೊಡನೆ ಸೇರಿ ಮಣಿಪಾಲದ ತಂಡ ಭಾರತೀಯ ಕುಟುಂಬಗಳಲ್ಲಿ ಈ ಜೀನನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ನಮ್ಮ ದೇಶದ ರೋಗಿಗಳಲ್ಲಿ ಕೆಲವು ನಿರ್ದಿಷ್ಟ ಉತ್ಪರಿವರ್ತನೆಗಳು ಮತ್ತೆ ಮತ್ತೆ ಕಾಣುತ್ತವೆ ಎಂಬುದು ಅದರ ಮುಖ್ಯ ಅಂಶ. ಇದರ ಉಪಯೋಗವೇನು? ಇಡೀ ಜೀನನ್ನು ಓದುವ ಮೊದಲು ಆ ಒಂದೆರಡು ಜಾಗಗಳನ್ನು ನೋಡಿದರೆ ಹಲವರಲ್ಲಿ ಉತ್ತರ ಬೇಗ ಸಿಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.

ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದು ದೋಷ

ಮಾನವನ ಜೀನೋಮಿನಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಗಳಿವೆ. ಪ್ರೋಟೀನ್ ತಯಾರಿಸುವ ಜೀನುಗಳು ಸುಮಾರು 20,000. ಪ್ರೋಟೀನ್ ಸೂಚನೆಯಿರುವ ಭಾಗ ಇಡೀ ಜೀನೋಮಿನ ಶೇಕಡ ಒಂದೆರಡರಷ್ಟು ಮಾತ್ರ. ಈ ಭಾಗಕ್ಕೆ ಎಕ್ಸೋಮ್ ಎಂದು ಹೆಸರು. 2009-10ರ ವೇಳೆಗೆ ಎಕ್ಸೋಮನ್ನು ಒಮ್ಮೆಲೇ ಓದಿ ರೋಗದ ಜೀನನ್ನು ಹುಡುಕುವ ವಿಧಾನ ಬಳಕೆಗೆ ಬಂದಿತು. ಅಲ್ಲಿಂದ ವಿರಳ ರೋಗಗಳ ಸಂಶೋಧನೆಯ ವೇಗವೇ ಬದಲಾಯಿತು.

ಯಂತ್ರ ಓದಿ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಯಾವುದೇ ವ್ಯಕ್ತಿಯ ಎಕ್ಸೋಮನ್ನು ಓದಿದರೂ ಮಾದರಿ ಪ್ರತಿಗಿಂತ ಭಿನ್ನವಾದ ಸಾವಿರಾರು ಅಕ್ಷರಗಳು ಸಿಗುತ್ತವೆ. ಬಹುಪಾಲು ನಿರುಪದ್ರವಿ. ಕಾಳನ್ನು ಜೊಳ್ಳಿನಿಂದ ತೂರುವ ಹಾಗೆ ಒಂದೊಂದೇ ಜರಡಿ ಹಿಡಿಯಬೇಕು. ಜನಸಾಮಾನ್ಯರಲ್ಲಿ ಹೆಚ್ಚಾಗಿ ಕಾಣುವ ಬದಲಾವಣೆಗಳನ್ನು ತೆಗೆದುಹಾಕಬೇಕು. ಪ್ರೋಟೀನನ್ನು ಕೆಡಿಸದವನ್ನು ತೆಗೆದುಹಾಕಬೇಕು. ವಂಶಾವಳಿಯ ವಿನ್ಯಾಸಕ್ಕೆ ಹೊಂದದವನ್ನು ತೆಗೆದುಹಾಕಬೇಕು. ಉಳಿದ ಬೆರಳೆಣಿಕೆಯ ಬದಲಾವಣೆಗಳಲ್ಲಿ ಯಾವುದು ನಿಜವಾದ ಅಪರಾಧಿ ಎಂಬುದನ್ನು ಜೀವಕೋಶಗಳಲ್ಲಿ ಪ್ರಯೋಗ ಮಾಡಿ ದೃಢಪಡಿಸಬೇಕು. ಗಮನಿಸಿ, ಹಳೆಯ ಕಾಗದ-ಪೆನ್ಸಿಲ್ಲಿನ ನಕ್ಷೆ ಇಲ್ಲಿಯೂ ಬೇಕೇ ಬೇಕು.

ಹೀಗೆ ಜರಡಿ ಹಿಡಿದು ಮಣಿಪಾಲದ ತಂಡ, ಜರ್ಮನಿ ಮತ್ತು ಅಮೆರಿಕದ ಪ್ರಯೋಗಾಲಯಗಳ ಸಹಕಾರದೊಂದಿಗೆ, ಹಲವು ಜೀನುಗಳ ಪಾತ್ರವನ್ನು ತೋರಿಸಿತು. 2016ರಲ್ಲಿ ಹಲವು ಕೀಲುಗಳು ಜಾರುವ ಒಂದು ರೋಗಕ್ಕೆ ಇಎಕ್ಸ್‌ಒಸಿ6ಬಿ ಜೀನಿನ ದೋಷ ಕಾರಣವೆಂದು ವರದಿ ಮಾಡಿತು. ಅದೇ ವರ್ಷ ಐಎಫ್‌ಟಿ52 ಜೀನಿಗೂ ಒಂದು ಅಸ್ಥಿರೋಗಕ್ಕೂ ಇರುವ ನಂಟನ್ನು ತಿಳಿಸಿತು. 2019ರಲ್ಲಿ ಪಿಐಎಸ್‌ಡಿ ಎಂಬ ಜೀನು ಕೆಟ್ಟರೆ ಮೈಟೊಕಾಂಡ್ರಿಯದ ಕೆಲಸ ಏರುಪೇರಾಗಿ ಮೂಳೆಯ ಬೆಳವಣಿಗೆ ಕೆಡುತ್ತದೆ ಎಂಬುದನ್ನು ತೋರಿಸಲಾಯಿತು. ಜೀವಕೋಶದ 'ಶಕ್ತಿಕೇಂದ್ರ'ಕ್ಕೂ ಮೂಳೆಯ ತುದಿಗೂ ಏನು ಸಂಬಂಧ ಎಂಬುದು ಪಠ್ಯಪುಸ್ತಕಗಳಿಂದ ಊಹಿಸುವಂಥದಲ್ಲ. ವಿರಳ ರೋಗಿಯೊಬ್ಬರು ನಮಗೆ ಕಲಿಸುವ ಪಾಠ ಅದು.

2017ರ ಇನ್ನೊಂದು ವರದಿ ಹಂದಿಗೋಡಿನ ಕಥೆಯನ್ನು ನೆನಪಿಸುತ್ತದೆ. ಮಿದುಳನ್ನು ಬಾಧಿಸುವ ಒಂದು ಮೈಟೊಕಾಂಡ್ರಿಯ ರೋಗವಿದ್ದ ಮಕ್ಕಳು ಎರಡು ಬೇರೆ ಬೇರೆ ಕುಟುಂಬಗಳಲ್ಲಿದ್ದರು. ಐಎಸ್‌ಸಿಎ1 ಎಂಬ ಜೀನಿನಲ್ಲಿ ಎರಡೂ ಕಡೆ ಒಂದೇ ಅಕ್ಷರದೋಷ! ಸಂಬಂಧ ಗೊತ್ತಿಲ್ಲದ ಎರಡು ಮನೆಗಳಲ್ಲಿ ಒಂದೇ ತಪ್ಪು ಇದ್ದರೆ ಬಹಳ ಹಿಂದಿನ ಒಬ್ಬ ಪೂರ್ವಜನಿಂದ ಅದು ಇಬ್ಬರಿಗೂ ಹರಿದುಬಂದಿರುವ ಸಂಭವ ಹೆಚ್ಚು. ಹಸ್ತಪ್ರತಿಯಲ್ಲಿ ಒಬ್ಬ ಲಿಪಿಕಾರ ಮಾಡಿದ ತಪ್ಪು ಮುಂದಿನ ಪ್ರತಿಗಳಲ್ಲೆಲ್ಲ ಉಳಿದು ಅವು ಒಂದೇ ಮೂಲದವು ಎಂದು ಸಂಪಾದಕರಿಗೆ ತಿಳಿಸುವುದಿಲ್ಲವೇ? ಇದೂ ಹಾಗೆಯೇ. ತಳಿವಿಜ್ಞಾನದಲ್ಲಿ ಇದನ್ನು 'ಮೂಲಪುರುಷ ಪರಿಣಾಮ' ಎನ್ನಬಹುದು.

ಸಂಬಂಧದೊಳಗಿನ ಮದುವೆ: ಒಂದು ಲೆಕ್ಕ

ಈ ಲೇಖನ ಬರೆಯುತ್ತಿರುವುದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಿಂದ. ಮಲೆನಾಡು ಇಲ್ಲಿಂದ ದೂರ. ಆದರೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮಾಡಿಕೊಳ್ಳುವುದು ಈ ಭಾಗದಲ್ಲಿ ಹೊಸ ಮಾತಲ್ಲ. 'ಹೊಲಮನೆ ಹೊರಗ ಹೋಗಬಾರದು, ಹುಡುಗಿ ಕಣ್ಣೆದುರಿಗಿರಬೇಕು' ಎಂಬ ಹಿರಿಯರ ಮಾತಿನಲ್ಲಿ ಪ್ರೀತಿಯೂ ಇದೆ, ಲೆಕ್ಕಾಚಾರವೂ ಇದೆ. ತಳಿವಿಜ್ಞಾನದ ಲೆಕ್ಕವನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು.

1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತವನ್ನು ಅನುವಂಶೀಯ ಅಮೈನೊ ಆಮ್ಲ ದೋಷಗಳಿಗಾಗಿ ಪರೀಕ್ಷಿಸಿದರು. ಜೊತೆಗೆ ತಂದೆತಾಯಿಗಳ ಸಂಬಂಧವನ್ನೂ ದಾಖಲಿಸಿದರು. ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಆ ದಾಖಲೆಯಲ್ಲಿ ಹತ್ತಿರಹತ್ತಿರ ಮೂರನೆಯ ಒಂದು ಭಾಗ ರಕ್ತಸಂಬಂಧದ ಮದುವೆಗಳಾಗಿದ್ದವು.

ಈಗ ಲೆಕ್ಕ ಮಾಡೋಣ. ಒಂದು ಅಪ್ರಬಲ ರೋಗದ ಜೀನನ್ನು ನೂರರಲ್ಲಿ ಒಬ್ಬರು ಹೊತ್ತಿದ್ದಾರೆಂದು ಇಟ್ಟುಕೊಳ್ಳಿ. ವಾಹಕರಿಗೆ ರೋಗವಿಲ್ಲ. ಸಂಬಂಧವಿಲ್ಲದ ಇಬ್ಬರು ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಂಭವ 1/100 × 1/100. ವಾಹಕ ದಂಪತಿಗಳ ಮಗುವಿಗೆ ರೋಗ ಬರುವ ಸಂಭವ 1/4. ಒಟ್ಟು 40,000ಕ್ಕೆ ಒಂದು.

ಸೋದರಮಾವ-ಸೊಸೆಯ ಮದುವೆಯಲ್ಲಿ ಹುಟ್ಟಿದ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿಗಳು ಒಂದೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವ 1/8. ಸೋದರತ್ತೆ-ಸೋದರಮಾವನ ಮಕ್ಕಳ ಮದುವೆಯಲ್ಲಿ ಇದು 1/16. ನೂರರಲ್ಲಿ ಒಬ್ಬ ವಾಹಕನೆಂದರೆ ಜನಸಮೂಹದ ಇನ್ನೂರು ಪ್ರತಿಗಳಲ್ಲಿ ಒಂದು ಕೆಟ್ಟದ್ದು. ಆದ್ದರಿಂದ ಸೋದರಮಾವನ ಮದುವೆಯಲ್ಲಿ ಸಂಭವ 1/8 × 1/200, ಅಂದರೆ 1,600ಕ್ಕೆ ಒಂದು. ಇನ್ನೊಂದರಲ್ಲಿ 3,200ಕ್ಕೆ ಒಂದು. ಆಕಸ್ಮಿಕವಾಗಿ ಬರುವ ಸಂಭವವನ್ನೂ ಸೇರಿಸಿದರೆ ಇದು ಸ್ವಲ್ಪ ಹೆಚ್ಚುತ್ತದೆ. ಅಂತೂ ಸೋದರಮಾವನ ಮದುವೆಯಲ್ಲಿ ಈ ಒಂದು ರೋಗದ ಸಂಭವ ಸುಮಾರು 25 ಪಟ್ಟು ಏರುತ್ತದೆ. ರೋಗ ಹೆಚ್ಚು ವಿರಳವಾದಷ್ಟೂ ಈ ಪಟ್ಟು ಇನ್ನೂ ಹೆಚ್ಚುತ್ತದೆ.

ಎರಡು ಎಚ್ಚರಿಕೆಗಳು. ಒಂದು, 25 ಪಟ್ಟು ಎಂದರೂ 1,600 ಮಕ್ಕಳಲ್ಲಿ ಉಳಿದ 1,599 ಮಕ್ಕಳಿಗೆ ಆ ರೋಗವಿಲ್ಲ. ಸಂಬಂಧದಲ್ಲಿ ಮದುವೆಯಾದವರ ಹೆಚ್ಚಿನ ಮಕ್ಕಳು ಆರೋಗ್ಯವಂತರೇ. ಆದ್ದರಿಂದ ತರಗತಿಯಲ್ಲಿ ಕುಳಿತ ಇಂಥ ಮನೆಯ ಮಗುವಿನ ಮನಸ್ಸಿಗೆ ನೋವಾಗದಂತೆ ಈ ಪಾಠ ಮಾಡಬೇಕು. ಎರಡು, ಹಂದಿಗೋಡಿನಂಥ ಪ್ರಬಲ ರೋಗಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಒಂದೇ ಕೆಟ್ಟ ಪ್ರತಿ ಸಾಕು. ಒಳಗೊಳಗೇ ನಡೆಯುವ ಮದುವೆಗಳು ಆ ಜೀನನ್ನು ಅದೇ ಸಮುದಾಯದೊಳಗೆ ಉಳಿಸುತ್ತವೆ, ಅಷ್ಟೆ.

ಹೆಸರು ತಿಳಿದರೆ ಏನು ಲಾಭ?

'ಕಾರಣ ಕಂಡುಹಿಡಿದಿರಿ, ಸರಿ, ವಾಸಿ ಮಾಡುವಿರಾ?' ಎಂದು ರೋಗಿಗಳು ಕೇಳುತ್ತಾರೆ. ನೇರ ಉತ್ತರ ಕೊಡುವುದು ಕಷ್ಟ. ಜಗತ್ತಿನಲ್ಲಿ ಸುಮಾರು 7,000ದಿಂದ 8,000 ವಿರಳ ರೋಗಗಳಿವೆ. ಅವುಗಳಲ್ಲಿ ಶೇಕಡ 80ರಷ್ಟು ಆನುವಂಶಿಕ. ನಿರ್ದಿಷ್ಟ ಔಷಧವಿರುವುದು ಶೇಕಡ 5ರಷ್ಟಕ್ಕೆ ಮಾತ್ರ. ಹಂದಿಗೋಡು ಕಾಯಿಲೆಯಲ್ಲಿ ಸವೆದ ಸೊಂಟದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಿ ನೋವನ್ನು ತಗ್ಗಿಸಬಹುದು, ಜೀನನ್ನು ಬದಲಿಸಲಾಗದು.

ಆದರೂ ಹೆಸರು ತಿಳಿಯುವುದರಿಂದ ಲಾಭಗಳಿವೆ. ಮೊದಲನೆಯದಾಗಿ, ತಪ್ಪು ಚಿಕಿತ್ಸೆ ನಿಲ್ಲುತ್ತದೆ. ಎರಡನೆಯದಾಗಿ, ಸುಳ್ಳು ಭಯ ಹೋಗುತ್ತದೆ. ಇದು ಅಂಟುರೋಗವಲ್ಲ ಎಂದು ತಿಳಿದ ಊರು ಆ ಕೇರಿಯವರನ್ನು ದೂರವಿಡಲು ಕಾರಣ ಉಳಿಯುವುದಿಲ್ಲ. ಶಾಪ, ಪಾಪ ಎಂಬ ಮಾತುಗಳಿಗೂ ನೆಲೆಯಿರುವುದಿಲ್ಲ. ಮೂರನೆಯದಾಗಿ, ಮುಂದಿನ ಮಗುವಿನ ಬಗ್ಗೆ ಖಚಿತವಾದ ಸಲಹೆ ಸಾಧ್ಯವಾಗುತ್ತದೆ. ಪ್ರಬಲ ರೋಗದಲ್ಲಿ ಪ್ರತಿ ಬಸಿರಿಗೂ ಸಂಭವ 1/2, ಅಪ್ರಬಲ ರೋಗದ ವಾಹಕ ದಂಪತಿಗಳಲ್ಲಿ 1/4. ಮೊದಲ ಮಗುವಿಗೆ ರೋಗ ಬಂದಿದೆ, ಆದ್ದರಿಂದ ಮುಂದಿನ ಮೂವರಿಗೆ ಬರುವುದಿಲ್ಲ ಎಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ನಾಣ್ಯಕ್ಕೆ ನೆನಪಿಲ್ಲ, ಪ್ರತಿ ಸಲವೂ ಹೊಸ ಚಿಮ್ಮು. ಮಗು ಬೇಕೇ ಬೇಡವೇ ಎಂಬ ನಿರ್ಧಾರ ಮಾತ್ರ ದಂಪತಿಗಳದ್ದು. ಸಂಖ್ಯೆಗಳನ್ನು ಅವರಿಗೆ ಅರ್ಥವಾಗುವಂತೆ ತಿಳಿಸುವುದಷ್ಟೇ ತಳಿವೈದ್ಯರ ಕೆಲಸ.

ನಾಲ್ಕನೆಯದು ಸರ್ಕಾರದ ಬಾಗಿಲು ತಟ್ಟುವ ಹಕ್ಕು. ಭಾರತ ಸರ್ಕಾರ 2021ರಲ್ಲಿ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2022ರಲ್ಲಿ, ನೀತಿಯ ಪಟ್ಟಿಯಲ್ಲಿರುವ ರೋಗಗಳ ಚಿಕಿತ್ಸೆಗೆ ಕೊಡುವ ನೆರವಿನ ಮಿತಿಯನ್ನು ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದಕ್ಕಾಗಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳ ಜೋಡಿಯೂ ಸೇರಿದೆ. ಹೆಸರಿಲ್ಲದ ರೋಗಕ್ಕೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ ಎಂಬುದನ್ನು ಮರೆಯಬಾರದು.

ನಷ್ಟವೊಂದನ್ನೂ ಹೇಳಬೇಕು. ರೋಗಕ್ಕೆ ಊರಿನ ಹೆಸರಿಟ್ಟರೆ ಊರಿಗೆ ಕಳಂಕ ಅಂಟುತ್ತದೆ. ಹಂದಿಗೋಡಿನವರು ಎಂದೊಡನೆ ಹೆಣ್ಣು-ಗಂಡು ನೋಡಲು ಬಂದವರು ಹಿಂಜರಿದರೆ ಅದಕ್ಕೆ ಜೀನು ಹೊಣೆಯಲ್ಲ, ನಾವು ಇಟ್ಟ ಹೆಸರು ಹೊಣೆ. ರೋಗಿಗಳ ರಕ್ತ ಪಡೆಯುವವರು ಅವರ ಒಪ್ಪಿಗೆ ಪಡೆಯಬೇಕು, ಗುಟ್ಟನ್ನು ಕಾಪಾಡಬೇಕು, ಕಂಡದ್ದನ್ನು ಅವರಿಗೆ ಮರಳಿ ತಿಳಿಸಬೇಕು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರಿಗೆ ಒಂದು ಚಟುವಟಿಕೆ. ವಿದ್ಯಾರ್ಥಿಗಳಿಂದ ರೋಗದ ವಂಶಾವಳಿ ಬರೆಸಬೇಡಿ. ಅದು ಮನೆಯ ಗುಟ್ಟು. ಬದಲಿಗೆ ನಾಲಿಗೆಯ ರುಚಿಯ ಪ್ರಯೋಗವಿರಲಿ. ಫಿನೈಲ್ ಥಯೋಕಾರ್ಬಮೈಡ್ ಸವರಿದ, ಶಾಲೆಗಳಿಗೆಂದೇ ತಯಾರಿಸಿದ ಕಾಗದದ ಪಟ್ಟಿ ಕೆಲವರಿಗೆ ಕಹಿ, ಕೆಲವರಿಗೆ ರುಚಿಯೇ ಇಲ್ಲ. ಕಹಿ ತಿಳಿಯುವುದು ಬಹುಮಟ್ಟಿಗೆ ಪ್ರಬಲ ಗುಣ. ಒಪ್ಪುವ ಮನೆಗಳಲ್ಲಿ ಮೂರು ತಲೆಮಾರಿನವರನ್ನು ಕೇಳಿ ಚೌಕ, ವೃತ್ತಗಳ ನಕ್ಷೆ ಬರೆಯಲಿ. ಬಳಿಕ ಈ ಪ್ರಶ್ನೆ ಕೇಳಿ: 'ಕಹಿ ತಿಳಿಯದಿರುವುದಕ್ಕೆ ಈ ಮನೆಯ ಅಡುಗೆ ಕಾರಣವಿರಬಹುದೇ? ಅಲ್ಲವೆಂದು ಹೇಗೆ ಸಾಧಿಸುವಿರಿ?'

ಹೊರಗಿನಿಂದ ಮದುವೆಯಾಗಿ ಬಂದ ಸೊಸೆ ಅದೇ ಅಡುಗೆ ಉಣ್ಣುತ್ತಾಳೆ. ಕೊಟ್ಟ ಮನೆಗೆ ಹೋದ ಮಗಳು ಬೇರೆ ಅಡುಗೆ ಉಣ್ಣುತ್ತಾಳೆ. ಅವರಿಬ್ಬರನ್ನೂ ಕೇಳಬೇಕು ಎಂದು ಯಾವ ವಿದ್ಯಾರ್ಥಿಗೆ ಹೊಳೆಯುತ್ತದೋ ಆ ವಿದ್ಯಾರ್ಥಿ ಅನ್ನವನ್ನೂ ವಂಶವನ್ನೂ ಬಿಡಿಸಿ ನೋಡುವುದನ್ನು ಕಲಿತಂತಾಯಿತು. ಹಂದಿಗೋಡಿನ ಏಡಿಯ ಮೇಲಿನ ಆರೋಪವನ್ನು ಪರೀಕ್ಷಿಸಲು ಬೇಕಾಗಿದ್ದದ್ದು ಅದೇ ಪ್ರಶ್ನೆ.